ಮರಳುವ ದಾರಿ: ಅಮೆರಿಕದ ವಿನೋದೋದ್ಯಾನಗಳೂ 75ನೆಯ ಅಂತರರಾಜ್ಯ ಹೆದ್ದಾರಿಯೂ

ಪ್ರವಾಸಗಳನ್ನು ಕುರಿತು ಬರೆದವರು ಬಹುಮಟ್ಟಿಗೆ ಹೋಗುವ ದಾರಿಯನ್ನು ವರ್ಣಿಸಿದ್ದಾರೆ. ಮರಳುವ ದಾರಿಯನ್ನು ವರ್ಣಿಸಿದವರು ವಿರಳ. ಹೊರಡುವಾಗಿನ ಸಿದ್ಧತೆ, ದಾರಿಯುದ್ದದ ಕುತೂಹಲ, ತಲುಪಿದಾಗಿನ ಸಂತೋಷ, ಇವುಗಳಿಗೆ ದಿನಚರಿಗಳಲ್ಲಿಯೂ ಕಾಗದಪತ್ರಗಳಲ್ಲಿಯೂ ಛಾಯಾಚಿತ್ರಗಳಲ್ಲಿಯೂ ಧಾರಾಳವಾದ ಸ್ಥಳ ದೊರೆತಿದೆ. ಹಿಂದಿರುಗುವ ಹೊತ್ತಿಗೆ ಕ್ಯಾಮರದ ಸುರುಳಿ ಮುಗಿದಿರುತ್ತದೆ. ಕೈಯ ಹಣ ಕರಗಿರುತ್ತದೆ. ಮಕ್ಕಳು ಒಬ್ಬರ ಮೇಲೊಬ್ಬರು ಒರಗಿ ನಿದ್ದೆಹೋಗಿರುತ್ತಾರೆ. ಗಾಡಿ ನಡೆಸುವವನಿಗೆ ಮಾತು ಬೇಡವಾಗಿರುತ್ತದೆ. ಆದುದರಿಂದ ಈ ವಿಷಯದಲ್ಲಿ ನೇರವಾದ ಆಧಾರಗಳು ಕಡಮೆ. ಇಂತಹ ಕಡೆ ಚರಿತ್ರಕಾರನು ಜನರು ಬರೆದಿಟ್ಟುದನ್ನು ಬಿಟ್ಟು, ಅವರ ಅಗತ್ಯಗಳಿಂದ ಹುಟ್ಟಿದ ಸಂಸ್ಥೆಗಳನ್ನೂ ಕಟ್ಟಳೆಗಳನ್ನೂ ಪರಿಶೀಲಿಸಬೇಕಾಗುತ್ತದೆ. ದಾರಿಬದಿಯ ತಂಗುಮನೆ, ಮಿಠಾಯಿಯಂಗಡಿ, ಪೆಟ್ರೋಲು ಬಂಕು, ವೇಗದ ಮಿತಿ, ನ್ಯಾಯಾಲಯದ ತೀರ್ಪು, ಇವೆಲ್ಲ ದಣಿದ ಕುಟುಂಬವೊಂದು ಮನೆಗೆ ಮರಳುವ ಪ್ರಸಂಗದ ಪರೋಕ್ಷ ದಾಖಲೆಗಳು.

ಪ್ರಕೃತ ಲೇಖನದ ವ್ಯಾಪ್ತಿ ಸೀಮಿತವಾದುದು. ಒಂದು ಕಲ್ಪನೆಯ ಸುತ್ತ ಆಟ, ನೋಟ, ಬೀದಿ, ಅಂಗಡಿಗಳನ್ನೆಲ್ಲ ಹೊಂದಿಸಿ ಕಟ್ಟಿದ ವಿಹಾರಸ್ಥಳಕ್ಕೆ ಅಮೆರಿಕದಲ್ಲಿ ಥೀಮ್ ಪಾರ್ಕ್ ಎಂಬ ಹೆಸರು ರೂಢಿಗೆ ಬಂದಿದೆ. ಇಲ್ಲಿ ಅದನ್ನು ವಿನೋದೋದ್ಯಾನವೆಂದು ಕರೆದಿದೆ. ಫ್ಲಾರಿಡ ಸಂಸ್ಥಾನದ ಒರ್ಲಾಂಡೊ ನಗರದ ಬಳಿಯ ಇಂತಹ ಉದ್ಯಾನದಿಂದ ಉತ್ತರದ ಒಹೈಯೊ, ಮಿಶಿಗನ್ ಸಂಸ್ಥಾನಗಳಿಗೆ ಕುಟುಂಬಗಳು ಮೋಟಾರಿನಲ್ಲಿ ಮರಳುತ್ತಿದ್ದ ದಾರಿ, ಅಂದರೆ ಮುಖ್ಯವಾಗಿ 75ನೆಯ ಅಂತರರಾಜ್ಯ ಹೆದ್ದಾರಿ, ನಮ್ಮ ವಿಷಯ. ಈ ದಾರಿ ಎಲ್ಲರಿಗೂ ಒಂದೇ ಉದ್ದದ್ದಾಗಿರಲಿಲ್ಲವೆಂಬುದನ್ನು ತೋರಿಸುವುದು ಉದ್ದೇಶ.

ಮೊದಲು ಕ್ಯಾಲಿಫೋರ್ನಿಯದ ಪೂರ್ವಕಥೆಯನ್ನು ಸಂಗ್ರಹವಾಗಿ ಹೇಳಬೇಕು. ವಾಲ್ಟ್ ಡಿಸ್ನಿಯವರು ತಮ್ಮ ಉದ್ಯಾನಕ್ಕೆ ಸ್ಥಳವನ್ನು ಆರಿಸಲು 1953ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯ ನೆರವನ್ನು ಪಡೆದರು. ಆ ಸಂಸ್ಥೆಯ ಹ್ಯಾರಿಸನ್ ಪ್ರೈಸ್ ಎಂಬವರು ಜನಸಂಖ್ಯೆಯ ಚಲನೆಯನ್ನೂ ಮುಂದೆ ಬರಲಿದ್ದ ರಸ್ತೆಗಳನ್ನೂ ಲೆಕ್ಕಹಾಕಿ, ಅನಹೈಮ್ ಊರಿನ ಕಿತ್ತಳೆ ತೋಟಗಳನ್ನು ಸೂಚಿಸಿದರು. ಸಾಂಟ ಆನ ವೇಗಮಾರ್ಗ ಆ ತೋಟಗಳ ಪಕ್ಕದಲ್ಲಿ ಹಾದುಹೋಗುವುದಿತ್ತು. ಸುಮಾರು 160 ಎಕರೆ ನೆಲವನ್ನು ಕೊಂಡು ಕಟ್ಟಿದ ಡಿಸ್ನಿಲ್ಯಾಂಡ್ 1955ನೆಯ ಜುಲೈ 17ರಂದು ತೆರೆಯಿತು. ಇದರಲ್ಲಿ ಆಟದ ಜಾಗಕ್ಕಿಂತಲೂ ಗಾಡಿ ನಿಲ್ಲಿಸುವ ಬಯಲೇ ದೊಡ್ಡದು. ಅದು ಸುಮಾರು 100 ಎಕರೆ ಇತ್ತು. ಉದ್ಯಾನದೊಳಗಿನ ಮೊದಲ ಆಟಗಳಲ್ಲಿ ಆಟೋಪಿಯ ಎಂಬುದೊಂದು. ಅದರಲ್ಲಿ ಮಕ್ಕಳು ಪುಟ್ಟ ಮೋಟಾರುಗಳನ್ನು ಪುಟ್ಟ ವೇಗಮಾರ್ಗದ ಮೇಲೆ ತಾವೇ ನಡೆಸುತ್ತಿದ್ದರು. ರಾಷ್ಟ್ರದ ಹೆದ್ದಾರಿ ಕಾಯಿದೆಗೆ ಅಧ್ಯಕ್ಷ ಐಸೆನ್‌ಹೋವರ್ ಸಹಿಹಾಕಿದ್ದು 1956ನೆಯ ಜೂನ್ 29ರಂದು. ಹೀಗಾಗಿ, 41,000 ಮೈಲಿಗಳ ಅಂತರರಾಜ್ಯ ಹೆದ್ದಾರಿ ಕಾಗದದ ಮೇಲೆ ಬರುವುದಕ್ಕೆ ಒಂದು ವರ್ಷ ಮೊದಲೇ ಅದರ ಆಟಿಕೆಯ ರೂಪ ಅಮೆರಿಕದ ಮಕ್ಕಳ ಕೈಗೆ ಬಂದಿತ್ತು.

ಆದರೆ ಡಿಸ್ನಿಲ್ಯಾಂಡಿಗೆ ಬರುತ್ತಿದ್ದವರಲ್ಲಿ ಬಹುಭಾಗ ಹತ್ತಿರದ ಜನ. ಬೆಳಗ್ಗೆ ಹೋಗಿ ರಾತ್ರಿ ಮನೆ ಸೇರುವುದು ಸಾಮಾನ್ಯವಾಗಿತ್ತು. 1961ರಲ್ಲಿ ಡಲಸ್ ಮತ್ತು ಫೋರ್ಟ್ ವರ್ತ್ ನಗರಗಳ ನಡುವೆ ತೆರೆದ ಸಿಕ್ಸ್ ಫ್ಲ್ಯಾಗ್ಸ್ ಉದ್ಯಾನವೂ, 1967ರಲ್ಲಿ ಅಟ್ಲಾಂಟದ ಬಳಿ ತೆರೆದ ಅದರ ತಂಗಿಯೂ ಇದೇ ವರ್ಗಕ್ಕೆ ಸೇರಿದುವು. ಮರಳುವ ದಾರಿ ಒಂದು ಹಗಲು, ಒಂದು ರಾತ್ರಿ, ಕೆಲವು ವೇಳೆ ಎರಡು ಹಗಲುಗಳಷ್ಟು ಉದ್ದವಾದದ್ದು ಫ್ಲಾರಿಡದಿಂದ.

ಫ್ಲಾರಿಡಕ್ಕೆ ಉತ್ತರದವರು ಮೋಟಾರಿನಲ್ಲಿ ಹೋಗುವ ಪದ್ಧತಿ ಡಿಸ್ನಿಯವರಿಗಿಂತ ಹಳೆಯದು. ಡಿಕ್ಸಿ ಹೆದ್ದಾರಿ ಎಂಬ ಹೆಸರಿನಲ್ಲಿ ಮಿಶಿಗನ್ನಿನಿಂದ ಮಯಾಮಿಯವರೆಗೆ ರಸ್ತೆಗಳನ್ನು ಜೋಡಿಸುವ ಕೆಲಸ 1915ರಷ್ಟು ಹಿಂದೆಯೇ ಆರಂಭವಾಗಿತ್ತು. ಸಿಲ್ವರ್ ಸ್ಪ್ರಿಂಗ್ಸ್‌ನ ಗಾಜಿನ ತಳದ ದೋಣಿಗಳು, 1936ರ ಸೈಪ್ರೆಸ್ ಗಾರ್ಡನ್ಸ್, 1947ರಿಂದ ನೀರಿನೊಳಗೆ ಮತ್ಸ್ಯಕನ್ಯೆಯರ ಆಟವನ್ನು ತೋರಿಸಿದ ವೀಕಿ ವಾಚಿ, ಇವೆಲ್ಲ ಹಳೆಯ ಎರಡು ಸಾಲಿನ ರಸ್ತೆಗಳ ಅಂಚಿನಲ್ಲಿ ಬೆಳೆದುವು. ಸಂಸ್ಥಾನದ ಸರಕಾರ 1949ರಲ್ಲಿ ಯೂಲಿ ಎಂಬ ಊರಿನ ಬಳಿ ಸ್ವಾಗತಗೃಹವೊಂದನ್ನು ತೆರೆದು, ಒಳಬರುವ ಪ್ರವಾಸಿಗಳಿಗೆ ಕಿತ್ತಳೆ ರಸವನ್ನು ಪುಕ್ಕಟೆಯಾಗಿ ಹಂಚಿಸಿತು. ಹಣವನ್ನು ಖರ್ಚುಮಾಡಿ ಹೊರಹೋಗುವವರನ್ನು ಬೀಳ್ಕೊಡುವ ಗೃಹವನ್ನು ಯಾವ ಸರಕಾರವೂ ಕಟ್ಟಿದಂತಿಲ್ಲ.

1963ನೆಯ ನವೆಂಬರಿನಲ್ಲಿ ವಾಲ್ಟ್ ಡಿಸ್ನಿಯವರು ವಿಮಾನದಲ್ಲಿ ಕುಳಿತು ಒರ್ಲಾಂಡೊ ಪ್ರದೇಶವನ್ನು ಮೇಲಿನಿಂದ ನೋಡಿದರು. ಟ್ಯಾಂಪದಿಂದ ಡೇಟೋನಕ್ಕೆ ಹೋಗುವ 4ನೆಯ ಅಂತರರಾಜ್ಯ ಹೆದ್ದಾರಿಯೂ ಫ್ಲಾರಿಡದ ಸುಂಕದ ಹೆದ್ದಾರಿಯೂ ಕೂಡುವ ಜಾಗ ಅವರ ಗಮನವನ್ನು ಸೆಳೆಯಿತು. ಸುತ್ತ ಇದ್ದದ್ದು ಜೌಗು ನೆಲ, ಪೈನ್ ಕಾಡು, ದನ ಮೇಯುವ ಬಯಲು. ನಿಜವಾದ ಕೊಳ್ಳುವವನ ಹೆಸರನ್ನು ಮರೆಮಾಡಿ ಸುಮಾರು 27,000 ಎಕರೆಯಷ್ಟು ನೆಲವನ್ನು ಕೊಂಡ ಮೇಲೆ, 1965ನೆಯ ನವೆಂಬರ್ 15ರಂದು ಯೋಜನೆಯನ್ನು ಬಹಿರಂಗಪಡಿಸಲಾಯಿತು. ಮರುವರ್ಷದ ಡಿಸೆಂಬರಿನಲ್ಲಿ ಡಿಸ್ನಿಯವರು ತೀರಿಕೊಂಡರು. ಅವರ ಅಣ್ಣ ರಾಯ್ ಡಿಸ್ನಿಯವರು ಕೆಲಸವನ್ನು ಮುಗಿಸಿ, 1971ನೆಯ ಅಕ್ಟೋಬರ್ 1ರಂದು ವಾಲ್ಟ್ ಡಿಸ್ನಿ ವರ್ಲ್ಡ್ ಎಂಬ ಉದ್ಯಾನವನ್ನು ತೆರೆದು, ಅದೇ ಡಿಸೆಂಬರಿನಲ್ಲಿ ತಾವೂ ಕಾಲವಾದರು. ನವೆಂಬರಿನ ಕೃತಜ್ಞತಾದಿನದ ಮಾರನೆಯ ದಿನ ಗಾಡಿಗಳ ಸಾಲು ಹೆದ್ದಾರಿಯಲ್ಲಿ ಹಲವು ಮೈಲಿ ಬೆಳೆದು, ಬಾಗಿಲನ್ನು ಮುಚ್ಚಿ ಜನರನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಮೊದಲ ವರ್ಷದಲ್ಲಿ ಬಂದವರ ಸಂಖ್ಯೆ ಒಂದು ಕೋಟಿಯನ್ನು ಮೀರಿತು.

ಒರ್ಲಾಂಡೊದಿಂದ ಅಟ್ಲಾಂಟಕ್ಕೆ ಸುಮಾರು 440 ಮೈಲಿ, ಸಿನ್ಸಿನಾಟಿಗೆ 900, ಡೆಟ್ರಾಯಿಟಿಗೆ 1,150. ಮರಳುವವರು ಸುಂಕದ ಹೆದ್ದಾರಿಯಲ್ಲಿ ವೈಲ್ಡ್‌ವುಡ್ ಊರಿನವರೆಗೆ ಬಂದು ಅಲ್ಲಿ 75ನೆಯ ಹೆದ್ದಾರಿಯನ್ನು ಸೇರುತ್ತಿದ್ದರು. ಅನಂತರ ಒಕಾಲ, ವಾಲ್ಡೋಸ್ಟ, ಮೇಕನ್, ಅಟ್ಲಾಂಟ, ಚಟನೂಗ, ನಾಕ್ಸ್‌ವಿಲ್, ಲೆಕ್ಸಿಂಗ್‌ಟನ್ ಊರುಗಳನ್ನು ದಾಟಿದರೆ ಒಹೈಯೊ ನದಿಯ ತೀರ. ಹೇಳುವುದಕ್ಕೆ ಒಂದೇ ಹೆದ್ದಾರಿಯಾದರೂ 1971ರಲ್ಲಿ ಅದು ಪೂರ್ಣವಾಗಿರಲಿಲ್ಲ. ಅಟ್ಲಾಂಟದ ವಾಯವ್ಯಕ್ಕೆ ಮರಿಯೆಟ್ಟ, ಕಾರ್ಟರ್ಸ್‌ವಿಲ್ ಊರುಗಳ ನಡುವೆ ವೇಗಮಾರ್ಗ ಮುಗಿಯದೆ, ಗಾಡಿಗಳೆಲ್ಲ ಹಳೆಯ 41ನೆಯ ರಸ್ತೆಗೆ ಇಳಿಯಬೇಕಾಗಿತ್ತು. ಫ್ಲಾರಿಡದಿಂದ ಬೆಳಗ್ಗೆ ಹೊರಟವರು ಈ ತುಂಡನ್ನು ಮುಟ್ಟುವುದು ಸಾಯಂಕಾಲಕ್ಕೆ. ದಣಿವು ಹೆಚ್ಚಿದ ಹೊತ್ತಿಗೆ ದಾರಿ ಕಿರಿದಾಗುತ್ತಿದ್ದುದು ಆ ಕಾಲದ ಪ್ರಯಾಣದ ಒಂದು ವೈಶಿಷ್ಟ್ಯ.

ಕಾಲದ ಲೆಕ್ಕವೂ ಇಲ್ಲಿ ಮುಖ್ಯ. ಕಾರ್ಖಾನೆಯ ಕಾರ್ಮಿಕನಿಗೆ ದೊರೆಯುತ್ತಿದ್ದ ಸಂಬಳದ ರಜೆ ಸಾಮಾನ್ಯವಾಗಿ ಒಂದೆರಡು ವಾರ. ಹೊರಡುವ ದಿನವನ್ನು ಬೇಕಾದಂತೆ ಇಟ್ಟುಕೊಳ್ಳಬಹುದು. ಮರಳುವ ದಿನ ಹಾಗಲ್ಲ. ಸೋಮವಾರ ಬೆಳಗ್ಗೆ ಕಾರ್ಖಾನೆಯ ಕೊಂಬು ಕೂಗುವಷ್ಟರಲ್ಲಿ ಅವನು ಅಲ್ಲಿರಬೇಕು. ರಜೆಯ ಕೊನೆಯ ಗಂಟೆಯನ್ನೂ ಬಿಡದೆ ಅನುಭವಿಸಬೇಕೆಂಬ ಆಸೆಯಿಂದ ಉದ್ಯಾನದಲ್ಲಿ ಇನ್ನೊಂದು ಅರ್ಧ ದಿನ ಉಳಿದವರು ರಾತ್ರಿಯೆಲ್ಲ ಗಾಡಿ ನಡೆಸಿ ಅದಕ್ಕೆ ಬೆಲೆ ತೆರುತ್ತಿದ್ದರು. ಮರಳುವ ಪ್ರಯಾಣ ಶನಿವಾರ ಭಾನುವಾರಗಳಿಗೆ ಕಟ್ಟುಬಿದ್ದದ್ದು ಹೀಗೆ. ಈ ಸಂಗತಿಯ ಪರಿಣಾಮವನ್ನು ಮುಂದೆ ನೋಡಲಿದ್ದೇವೆ.

ಗಾಡಿಯೊಳಗೆ ಏನೇನು ಇರುತ್ತಿತ್ತೆಂಬುದನ್ನು ಸ್ವಲ್ಪಮಟ್ಟಿಗೆ ಊಹಿಸಬಹುದು. ಉದ್ಯಾನದಲ್ಲಿ ಆಗ ಆಟಗಳಿಗೆ ಎ ಯಿಂದ ಇ ವರೆಗಿನ ದರ್ಜೆಯ ಚೀಟಿಗಳ ಪುಸ್ತಕವನ್ನು ಮಾರುತ್ತಿದ್ದರು. ಇ ದರ್ಜೆಯ ಚೀಟಿ ಉತ್ತಮವಾದ ಆಟಗಳಿಗೆ. ಅದು ಮೊದಲು ಮುಗಿಯುತ್ತಿತ್ತು. ಎ ದರ್ಜೆಯ ಚೀಟಿಗಳು ಉಳಿದು ಮನೆಗೆ ಬಂದು ಮೇಜಿನ ಸೆಳೆಖಾನೆಯಲ್ಲಿ ಮಲಗುತ್ತಿದ್ದುವು. 1982ರಲ್ಲಿ ಈ ಪದ್ಧತಿ ನಿಂತಿತು. ಆದರೂ ಅತ್ಯುತ್ತಮವಾದುದನ್ನು ಇ-ಟಿಕೆಟ್ ಎಂದು ಕರೆಯುವ ವಾಡಿಕೆ ಅವರ ನುಡಿಯಲ್ಲಿ ಉಳಿದಿದೆ. ಹಿಂಬದಿಯ ಜಾಗದಲ್ಲಿ ಕಿತ್ತಳೆಯ ಚೀಲ. ಜಾರ್ಜಿಯ ದಾಟುವಾಗ ಸ್ಟಕೀಸ್ ಅಂಗಡಿಯ ಪೆಕಾನ್ ಮಿಠಾಯಿ. ನಮ್ಮಲ್ಲಿ ಜಾತ್ರೆಯಿಂದ ಮರಳುವವರು ಬೆಂಡು ಬತ್ತಾಸುಗಳನ್ನು ಕಟ್ಟಿಸಿಕೊಂಡು ಬರುವಂತೆ ಅಲ್ಲಿಯೂ ಬರಿಗೈಯಲ್ಲಿ ಬರಬಾರದೆಂಬ ಭಾವನೆ ಇದ್ದಿತು. ಸ್ಟಕೀ ಎಂಬವರು 1937ರಲ್ಲಿ ಜಾರ್ಜಿಯದ ಈಸ್ಟ್‌ಮನ್ ಊರಿನಲ್ಲಿ ರಸ್ತೆಯ ಪಕ್ಕದಲ್ಲಿ ಪೆಕಾನ್ ಬೀಜಗಳನ್ನು ಮಾರಲು ತೊಡಗಿದವರು. ಹಳೆಯ ರಸ್ತೆಗಳ ಅಂಗಡಿಗಳು ಮುಂದೆ ಹೆದ್ದಾರಿಯ ಇಳಿದಾರಿಗಳಿಗೆ ಬಂದು ನಿಂತುವು. ಚಟನೂಗದ ಬಳಿಯ ರಾಕ್ ಸಿಟಿಯನ್ನು ನೋಡಿರೆಂದು ಕೊಟ್ಟಿಗೆಗಳ ಮಾಡಿನ ಮೇಲೆ ಬರೆದಿದ್ದ ದೊಡ್ಡ ಅಕ್ಷರಗಳು ಮಾತ್ರ 1965ರ ಹೆದ್ದಾರಿ ಸೌಂದರ್ಯ ಕಾಯಿದೆಯ ಅನಂತರ ಕಡಮೆಯಾದುವು.

ರಾತ್ರಿ ಎಲ್ಲಿ ತಂಗುವುದು? ಮರಳುವ ದಾರಿಯ ಮುಖ್ಯವಾದ ಪ್ರಶ್ನೆ ಇದು. ಇದಕ್ಕೆ ಒಂದು ಉತ್ತರ ಹುಟ್ಟಿದ್ದೇ ಒಂದು ಕುಟುಂಬಪ್ರವಾಸದ ಅಸಮಾಧಾನದಿಂದ. ಮೆಂಫಿಸ್ ನಗರದ ಕೆಮನ್ಸ್ ವಿಲ್ಸನ್ ಎಂಬ ಮನೆ ಕಟ್ಟಿಸುವ ಉದ್ಯಮಿ 1951ರಲ್ಲಿ ಹೆಂಡತಿ ಮತ್ತು ಐವರು ಮಕ್ಕಳೊಡನೆ ವಾಷಿಂಗ್‌ಟನ್ನಿಗೆ ಮೋಟಾರಿನಲ್ಲಿ ಹೋದರು. ದಾರಿಯ ಮೋಟೆಲುಗಳು ಕೊಠಡಿಯ ಬಾಡಿಗೆಯಲ್ಲದೆ ಪ್ರತಿಯೊಂದು ಮಗುವಿಗೂ ಎರಡು ಡಾಲರು ಹೆಚ್ಚಾಗಿ ಕೇಳಿದುವು, ಕೊಠಡಿಗಳು ಕೊಳಕಾಗಿದ್ದುವು. ಮರಳಿ ಬಂದ ವಿಲ್ಸನ್ನರು 1952ನೆಯ ಆಗಸ್ಟಿನಲ್ಲಿ ಮೆಂಫಿಸ್‌ನ ಸಮ್ಮರ್ ಅವೆನ್ಯೂ ರಸ್ತೆಯಲ್ಲಿ ತಮ್ಮದೇ ಮೋಟೆಲನ್ನು ತೆರೆದರು. ನಕ್ಷೆ ಬರೆದವರು ಒಂದು ಚಲನಚಿತ್ರದ ನೆನಪಿನಲ್ಲಿ ವಿನೋದಕ್ಕಾಗಿ ಕಾಗದದ ಮೇಲೆ ಬರೆದ ಹಾಲಿಡೇ ಇನ್ ಎಂಬ ಹೆಸರೇ ನಿಂತಿತು. ತಂದೆತಾಯಿಯರ ಕೊಠಡಿಯಲ್ಲಿ ಮಲಗುವ ಮಕ್ಕಳಿಗೆ ಬಾಡಿಗೆ ಇಲ್ಲವೆಂಬುದು ಅಲ್ಲಿಯ ನಿಯಮ. 1968ರ ವೇಳೆಗೆ ಈ ಹೆಸರಿನ ಮೋಟೆಲುಗಳು ಒಂದು ಸಾವಿರವಾದುವು.

ಇದರ ಮಹತ್ವ ಬಾಡಿಗೆಯಲ್ಲಿ ಮಾತ್ರ ಇಲ್ಲ. ಹಿಂದೆ ಪ್ರವಾಸಿಯು ಗಾಡಿಯನ್ನು ನಿಲ್ಲಿಸಿ, ಕೀಲಿಕೈ ಪಡೆದು, ಕೊಠಡಿಯ ಹಾಸಿಗೆಯನ್ನೂ ನಲ್ಲಿಯನ್ನೂ ನೋಡಿ ಒಪ್ಪಿದ ಮೇಲೆ ಹಣ ಕೊಡುತ್ತಿದ್ದ. ಎಲ್ಲ ಊರುಗಳಲ್ಲಿಯೂ ಒಂದೇ ಬಗೆಯ ಕೊಠಡಿ ದೊರೆಯುತ್ತದೆಂದಾದಾಗ ಈ ಪರೀಕ್ಷೆ ಅನಾವಶ್ಯಕವಾಯಿತು. ಹೋಗುವಾಗ ಕುತೂಹಲವಿರುವವನಿಗೆ ಹೊಸತನ ಬೇಕು. ಮರಳುವಾಗ ರಾತ್ರಿ ಒಂಬತ್ತು ಗಂಟೆಗೆ ಮಲಗಿದ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ನಿಂತವನಿಗೆ ಬೇಕಾದದ್ದು ಹಳೆಯದೇ, ನಿನ್ನೆ ಕಂಡದ್ದೇ. ದಾರಿಬದಿಯ ಊರುಗಳೆಲ್ಲ ಒಂದೇ ರೂಪ ತಾಳಿದುವೆಂದು ದೂರುವ ಲೇಖಕರು ಈ ಮಗುವಿನ ಭಾರವನ್ನು ಗಣನೆಗೆ ತೆಗೆದುಕೊಂಡಂತೆ ಕಾಣುವುದಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಬಿಳಿಯ ಕುಟುಂಬದ ದಾರಿ. ಅದೇ ಕಾಲದಲ್ಲಿ, ಅದೇ ರಸ್ತೆಯಲ್ಲಿ, ಕಪ್ಪು ಜನಾಂಗದ ಕುಟುಂಬಕ್ಕೆ ಇದ್ದ ದಾರಿ ಬೇರೆ. ಈ ಎರಡನ್ನೂ ಸೇರಿಸಿ ಹೇಳುವ ಒಂದು ಪ್ರಸಿದ್ಧ ದಾಖಲೆಯಿದೆ. 1963ನೆಯ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರು ಬರ್ಮಿಂಗ್‌ಹ್ಯಾಮ್ ಸೆರೆಮನೆಯಿಂದ ಬರೆದ ಪತ್ರವನ್ನು ರಾಜಕೀಯ ಚಿಂತನೆಯ ಗ್ರಂಥವಾಗಿ ಓದುವುದು ರೂಢಿ. ಅದರಲ್ಲಿ ಒಂದು ದೀರ್ಘವಾದ ವಾಕ್ಯವಿದೆ; ತಾಳ್ಮೆಯಿಂದಿರಬೇಕೆಂದು ಉಪದೇಶಿಸುವವರಿಗೆ ಕೊಟ್ಟ ಉತ್ತರ ಅದು. ದೂರದರ್ಶನದಲ್ಲಿ ಫನ್‌ಟೌನ್ ಎಂಬ ಹೊಸ ವಿನೋದೋದ್ಯಾನದ ಜಾಹೀರಾತನ್ನು ಕಂಡ ಆರು ವರ್ಷದ ಮಗಳು ತಾನೇಕೆ ಅಲ್ಲಿಗೆ ಹೋಗಬಾರದೆಂದು ಕೇಳಿದಾಗ, ಬಣ್ಣದ ಕಾರಣದಿಂದ ಆ ಬಾಗಿಲು ಮುಚ್ಚಿದೆಯೆಂದು ಹೇಳಬೇಕಾದ ತಂದೆಯ ಸಂಕಟವನ್ನು ಕಿಂಗ್ ಅವರು ಅಲ್ಲಿ ಹೇಳಿದ್ದಾರೆ. ಅದೇ ವಾಕ್ಯದಲ್ಲಿ, ಸ್ವಲ್ಪ ಮುಂದೆ, ಯಾವ ಮೋಟೆಲೂ ಒಳಗೆ ಸೇರಿಸದಿರುವುದರಿಂದ ದೂರದ ಪ್ರಯಾಣದಲ್ಲಿ ರಾತ್ರಿಯ ಮೇಲೆ ರಾತ್ರಿ ಮೋಟಾರಿನ ಮೂಲೆಯಲ್ಲಿ ಮುದುಡಿ ಮಲಗಬೇಕಾದ ಅವಸ್ಥೆಯನ್ನು ಹೇಳಿದ್ದಾರೆ. ಉದ್ಯಾನದ ಬಾಗಿಲು ಮತ್ತು ಮರಳುವ ದಾರಿ, ನಮ್ಮ ಎರಡು ವಿಷಯಗಳೂ ಒಂದೇ ವಾಕ್ಯದಲ್ಲಿ ಬಂದಿರುವುದು ಗಮನಾರ್ಹ. ಅವೆರಡೂ ಒಂದೇ ವ್ಯವಸ್ಥೆಯ ಎರಡು ತುದಿಗಳೆಂಬುದು ಅವರಿಗೆ ಅನುಭವದಿಂದ ತಿಳಿದಿತ್ತು.

ಫ್ಲಾರಿಡದಲ್ಲಿ ಇದೇ ಪದ್ಧತಿಯಿತ್ತು. 75ನೆಯ ಹೆದ್ದಾರಿಯ ಒಕಾಲಕ್ಕೆ ಸಮೀಪವಾದ ಸಿಲ್ವರ್ ಸ್ಪ್ರಿಂಗ್ಸ್‌ಗೆ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಅದೇ ನದಿಯ ಕೆಳಭಾಗದಲ್ಲಿ ಪ್ಯಾರಡೈಸ್ ಪಾರ್ಕ್ ಎಂಬ ಬೇರೆಯ ಉದ್ಯಾನವನ್ನು 1949ರಲ್ಲಿ ಅವರಿಗಾಗಿ ತೆರೆದರು, 1969ರಲ್ಲಿ ಮುಚ್ಚಿದರು. ನೀರು ಒಂದೇ, ದೋಣಿಗಳ ಗಾಜೂ ಒಂದೇ ಬಗೆಯದು. ಕಟ್ಟೆಗಳು ಮಾತ್ರ ಎರಡು.

ದಾರಿಯ ತೊಡಕನ್ನು ದಾಟುವುದಕ್ಕಾಗಿ ಒಂದು ಕೈಪಿಡಿ ಹುಟ್ಟಿಕೊಂಡಿತು. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿದ್ದ ಅಂಚೆ ಪೇದೆ ವಿಕ್ಟರ್ ಗ್ರೀನ್ ಅವರು 1936ರಿಂದ ಪ್ರಕಟಿಸಿದ ಗ್ರೀನ್ ಬುಕ್ ಎಂಬ ಪುಸ್ತಕದಲ್ಲಿ ಕಪ್ಪು ಪ್ರವಾಸಿಗಳನ್ನು ಸೇರಿಸುವ ಹೋಟೆಲು, ಮನೆ, ಊಟದಂಗಡಿ, ಕ್ಷೌರದಂಗಡಿಗಳ ವಿಳಾಸಗಳಿದ್ದುವು. ಎಸ್ಸೊ ಕಂಪೆನಿಯ ಬಂಕುಗಳಲ್ಲಿಯೂ ಅದು ಸಿಗುತ್ತಿತ್ತು. ಒರ್ಲಾಂಡೊದ ಪ್ಯಾರಮೋರ್ ಮೊಹಲ್ಲದ ವೆಲ್ಸ್‌ಬಿಲ್ಟ್ ಹೋಟೆಲು ಅದರಲ್ಲಿ ಸೇರಿದ್ದಿತು; ವಿಲಿಯಂ ವೆಲ್ಸ್ ಎಂಬ ಕಪ್ಪು ವೈದ್ಯರು 1920ರ ದಶಕದಲ್ಲಿ ಕಟ್ಟಿಸಿದುದು ಅದು. ಈ ಪುಸ್ತಕ ಬೇಡವಾಗುವ ದಿನ ಬೇಗನೆ ಬರಲೆಂದು ಗ್ರೀನ್ ಅವರೇ ಮುನ್ನುಡಿಯಲ್ಲಿ ಹಾರೈಸಿದ್ದರು. ಆ ದಿನವನ್ನು ಕಾಣದೆ 1960ರಲ್ಲಿ ತೀರಿಕೊಂಡರು. ಪುಸ್ತಕದ ಕೊನೆಯ ಸಂಪುಟ 1966-67ರದು.

ಕೈಪಿಡಿಯಲ್ಲಿ ಹೆಸರಿರುವ ಎರಡು ಊರುಗಳ ನಡುವೆ ನೂರಾರು ಮೈಲಿ ಇರಬಹುದು. ಅಲ್ಲಿ ಮಗು ಬಾಯಾರಿದರೆ, ಶೌಚಕ್ಕೆ ಹೋಗಬೇಕೆಂದರೆ ಏನು ಮಾಡಬೇಕು? ಹುರಿದ ಕೋಳಿ, ಬ್ರೆಡ್ಡು, ನೀರಿನ ಪಾತ್ರೆ, ಶೌಚಕ್ಕೊಂದು ಡಬ್ಬಿ, ಎಲ್ಲವನ್ನೂ ಗಾಡಿಯಲ್ಲಿ ಇಟ್ಟುಕೊಂಡೇ ಹೊರಡುವ ಪದ್ಧತಿಯನ್ನು ಅನೇಕ ಕುಟುಂಬಗಳು ನೆನೆದಿವೆ. ರಾತ್ರಿ ತಂಗದೆ, ಗಂಡಹೆಂಡಿರು ಸರದಿಯ ಮೇಲೆ ಗಾಡಿ ನಡೆಸುವುದು ಅವರಿಗೆ ಮಿತವ್ಯಯದ ಮಾತಲ್ಲ, ಅನಿವಾರ್ಯ. ಡೆಟ್ರಾಯಿಟಿನ ಕಾರ್ಖಾನೆಗಳಿಗೆ ಜಾರ್ಜಿಯ ಅಲಬಾಮಗಳಿಂದ ವಲಸೆ ಬಂದವರು ಬೇಸಗೆಯಲ್ಲಿ ಹಿರಿಯರನ್ನು ನೋಡಲು ಇದೇ ರಸ್ತೆಗಳಲ್ಲಿ ಇಳಿದು ಮತ್ತೆ ಏರುತ್ತಿದ್ದರು. ಯಾವ ದಿಕ್ಕಿನ ಪ್ರಯಾಣ ಮನೆಗೆ ಹೋಗುವುದು, ಯಾವುದು ಮನೆಯಿಂದ ಬರುವುದು ಎಂದು ಹೇಳುವುದೇ ಅವರ ವಿಷಯದಲ್ಲಿ ಕಷ್ಟ. 1963ನೆಯ ಜುಲೈ ತಿಂಗಳಲ್ಲಿ ಸೆನೆಟ್ಟಿನ ಸಮಿತಿಯೊಂದರ ಮುಂದೆ ಸಾಕ್ಷ್ಯ ನುಡಿದ ರಾಯ್ ವಿಲ್ಕಿನ್ಸ್ ಅವರು ತತ್ತ್ವಗಳನ್ನು ಬದಿಗಿಟ್ಟು, ಇಂತಹ ಒಂದು ಮೋಟಾರು ಪ್ರಯಾಣವನ್ನು ಮನಸ್ಸಿನಲ್ಲಿಯೇ ಮಾಡಿನೋಡುವಂತೆ ಸದಸ್ಯರನ್ನು ಕೇಳಿಕೊಂಡರು.

1964ನೆಯ ಜುಲೈ 2ರಂದು ನಾಗರಿಕ ಹಕ್ಕುಗಳ ಕಾಯಿದೆ ಜಾರಿಗೆ ಬಂದಿತು. ಅದರ ಎರಡನೆಯ ಭಾಗ ಮೋಟೆಲು, ಊಟದಂಗಡಿ, ಬಂಕುಗಳಲ್ಲಿ ವರ್ಣಭೇದವನ್ನು ನಿಷೇಧಿಸಿತು. ಬೆನ್ನಲ್ಲಿಯೇ ಹಾರ್ಟ್ ಆಫ್ ಅಟ್ಲಾಂಟ ಎಂಬ ಮೋಟೆಲಿನ ಒಡೆಯರಾದ ವಕೀಲ ಮೋರ್‌ಟನ್ ರೋಲ್‌ಸ್ಟನ್ ಅವರು ಕಾಯಿದೆಯನ್ನು ಪ್ರಶ್ನಿಸಿ ದಾವೆ ಹೂಡಿದರು. ಇಷ್ಟವಿಲ್ಲದ ಅತಿಥಿಗಳನ್ನು ಸೇರಿಸಿಕೊಳ್ಳುವಂತೆ ಮಾಡುವುದು ತಮ್ಮನ್ನು ಬಲಾತ್ಕಾರದ ದಾಸ್ಯಕ್ಕೆ ಗುರಿಪಡಿಸಿದಂತೆ ಎಂಬುದೂ, ಗುಲಾಮಗಿರಿಯನ್ನು ರದ್ದುಪಡಿಸಿದ ತಿದ್ದುಪಡಿಗೇ ಅದು ವಿರುದ್ಧವೆಂಬುದೂ ಅವರ ವಾದಗಳಲ್ಲಿ ಒಂದು. ಚರಿತ್ರೆಯನ್ನು ತಲೆಕೆಳಗಾಗಿ ಓದುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಡಿಸೆಂಬರ್ 14ರಂದು ಸರ್ವೋಚ್ಚ ನ್ಯಾಯಾಲಯ ಒಮ್ಮತದಿಂದ ಈ ವಾದವನ್ನು ತಳ್ಳಿಹಾಕಿತು. ನ್ಯಾಯಮೂರ್ತಿ ಟಾಮ್ ಕ್ಲಾರ್ಕ್ ಅವರು ಬರೆದ ತೀರ್ಪನ್ನು ರಸ್ತೆಗಳ ಚರಿತ್ರೆಯ ಆಧಾರವಾಗಿಯೂ ಓದಬಹುದು. ಮೋಟೆಲಿನಲ್ಲಿ 216 ಕೊಠಡಿಗಳು. 75 ಮತ್ತು 85ನೆಯ ಅಂತರರಾಜ್ಯ ಹೆದ್ದಾರಿಗಳಿಂದ ಅಲ್ಲಿಗೆ ಸುಲಭವಾಗಿ ಬರಬಹುದಾಗಿತ್ತು. ಅತಿಥಿಗಳಲ್ಲಿ ನೂರಕ್ಕೆ 75ರಷ್ಟು ಹೊರ ಸಂಸ್ಥಾನದವರು. ಜಾರ್ಜಿಯದ ರಸ್ತೆಗಳಲ್ಲಿ 50ಕ್ಕೂ ಹೆಚ್ಚು ಫಲಕಗಳನ್ನು ನಿಲ್ಲಿಸಿ ಅದು ಪ್ರವಾಸಿಗಳನ್ನು ಕರೆಯುತ್ತಿತ್ತು. ಹೀಗೆ ಸಂಸ್ಥಾನಗಳ ನಡುವಣ ಸಂಚಾರದಿಂದ ಬದುಕುವ ಮನೆ ಅಂತರರಾಜ್ಯ ವಾಣಿಜ್ಯದ ಭಾಗ. ಅದನ್ನು ನಿಯಂತ್ರಿಸುವ ಅಧಿಕಾರ ಕಾಂಗ್ರೆಸಿಗೆ ಇದೆ. ಅತಿಥಿಗಳನ್ನು ಕರೆಯಲು ನಿಲ್ಲಿಸಿದ ಫಲಕಗಳೇ ಒಡೆಯನಿಗೆ ವಿರುದ್ಧವಾದ ಸಾಕ್ಷ್ಯವಾದುವು. ಕಪ್ಪು ಪ್ರವಾಸಿಗಳಿಗೆ ಪ್ರತ್ಯೇಕವಾದ ಕೈಪಿಡಿಯೇ ಬೇಕಾಗಿ ಬಂದಿದೆಯೆಂಬುದನ್ನೂ ತೀರ್ಪು ಎತ್ತಿಕೊಂಡು, ಅವರ ಕಷ್ಟಕ್ಕೆ ಅದನ್ನೊಂದು ಪ್ರಮಾಣವಾಗಿ ಎಣಿಸಿತು. ಬರ್ಮಿಂಗ್‌ಹ್ಯಾಮಿನ ಊಟದಂಗಡಿಯೊಂದರ ಮೊಕದ್ದಮೆಯೂ ಅದೇ ದಿನ ಇದೇ ರೀತಿ ತೀರ್ಮಾನವಾಯಿತು. ಅಲ್ಲಿ ಕಪ್ಪು ಗಿರಾಕಿಗಳು ಊಟವನ್ನು ಕಟ್ಟಿಸಿಕೊಂಡು ಹೋಗಬಹುದಾಗಿತ್ತು, ಕುಳಿತು ಉಣ್ಣುವಂತಿರಲಿಲ್ಲ.

ಮನುಷ್ಯನ ಘನತೆಯ ಪ್ರಶ್ನೆಯನ್ನು ವಾಣಿಜ್ಯದ ಪ್ರಶ್ನೆಯಾಗಿ ತೀರ್ಮಾನಿಸಿದ್ದು ಸರಿಯೇ ಎಂದು ಕೇಳುವವರಿದ್ದಾರೆ. ಕೇಳಬೇಕಾದ ಮಾತೇ. ಆದರೆ ನಮ್ಮ ವಿಷಯದ ದೃಷ್ಟಿಯಿಂದ, ಹಕ್ಕನ್ನು ಹೆದ್ದಾರಿಯ ಮೇಲೆ ನಿಲ್ಲಿಸಿದ್ದರಿಂದ ಅದು ಬೇಕಾದ ಕಡೆಗೇ ತಲುಪಿತೆನ್ನಬಹುದು.

ತಲುಪಿತಾದರೂ ಒಂದೇ ದಿನದಲ್ಲಿ ಅಲ್ಲ. ತನ್ನ ಊಟದಂಗಡಿಯಲ್ಲಿ ಕಪ್ಪು ಜನರಿಗೆ ಬಡಿಸುವುದಕ್ಕಿಂತ ಅದನ್ನು ಮುಚ್ಚುವುದೇ ಮೇಲೆಂದು ಹಟ ಹಿಡಿದ ಅಟ್ಲಾಂಟದ ಲೆಸ್ಟರ್ ಮ್ಯಾಡಕ್ಸ್ ಅವರನ್ನು ಜಾರ್ಜಿಯ ತನ್ನ ರಾಜ್ಯಪಾಲರನ್ನಾಗಿ ಪಡೆಯಿತು. 1967ರಿಂದ 1971ನೆಯ ಜನವರಿಯವರೆಗೆ ಅವರ ಅಧಿಕಾರ ನಡೆಯಿತು. ಡಿಸ್ನಿ ವರ್ಲ್ಡ್ ತೆರೆದದ್ದು ಅದೇ ವರ್ಷ. ಅಲ್ಲಿಂದ ಮರಳುವ ಕಪ್ಪು ತಂದೆಯೊಬ್ಬ ಜಾರ್ಜಿಯದಲ್ಲಿ ನಿಲ್ಲದೆ ಮುಂದೆ ಹೋಗಲು ಬಯಸಿದರೆ ಅದನ್ನು ಹಳೆಯ ನೆನಪಿನ ಅಂಜಿಕೆಯೆಂದು ಮಾತ್ರ ಹೇಳುವಂತಿಲ್ಲ.

ಇನ್ನೊಂದು ಮುಖವೂ ಇದೆ. ಮೋಟೆಲುಗಳ ಬಾಗಿಲನ್ನು ತೆರೆಸಿದ ಹೆದ್ದಾರಿಗಳೇ ಕಪ್ಪು ಜನರ ಮೊಹಲ್ಲಗಳನ್ನು ಸೀಳಿದುವು. ಅಟ್ಲಾಂಟದಲ್ಲಿ 75 ಮತ್ತು 85ನೆಯ ಹೆದ್ದಾರಿಗಳು ಕೂಡಿ ಹರಿಯುವ ಭಾಗ ಆಬರ್ನ್ ಅವೆನ್ಯೂವನ್ನು ಕತ್ತರಿಸಿಕೊಂಡು ಹೋಯಿತು. ಅದು ಕಿಂಗ್ ಅವರು ಹುಟ್ಟಿದ ಬೀದಿ. ಒರ್ಲಾಂಡೊದಲ್ಲಿ 4ನೆಯ ಹೆದ್ದಾರಿ, ಅಂದರೆ ಡಿಸ್ನಿಯವರನ್ನು ಆ ಊರಿಗೆ ಕರೆತಂದ ರಸ್ತೆಯೇ, ಪ್ಯಾರಮೋರನ್ನು ನಗರದ ನಡುಭಾಗದಿಂದ ಗೋಡೆ ಹಾಕಿದಂತೆ ಬೇರ್ಪಡಿಸಿತು. ಬೇರೆಡೆ ತಂಗುವ ಅವಕಾಶ ಬಂದ ಮೇಲೆ ಕಪ್ಪು ಒಡೆಯರ ಹೋಟೆಲುಗಳಿಗೆ ಗಿರಾಕಿಗಳೂ ತಪ್ಪಿದರು. ವೆಲ್ಸ್‌ಬಿಲ್ಟ್ ಕಟ್ಟಡ ಈಗ ವಸ್ತುಸಂಗ್ರಹಾಲಯ.

1973ರ ತೈಲದ ಮುಗ್ಗಟ್ಟನ್ನು ಇನ್ನು ನೋಡಬಹುದು. ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದುವು. ನವೆಂಬರ್ 25ರಂದು ಅಧ್ಯಕ್ಷ ನಿಕ್ಸನ್ ಅವರು ಶನಿವಾರ ರಾತ್ರಿ ಒಂಬತ್ತರಿಂದ ಭಾನುವಾರ ನಡುರಾತ್ರಿಯವರೆಗೆ ಬಂಕುಗಳನ್ನು ಮುಚ್ಚಬೇಕೆಂದು ಕೇಳಿಕೊಂಡರು. ಇದನ್ನು ಸಾಮಾನ್ಯವಾಗಿ ಭಾನುವಾರದ ತಿರುಗಾಟವನ್ನು ತಡೆಯುವ ಕ್ರಮವೆಂದು ವಿವರಿಸುತ್ತಾರೆ. ಪೆಟ್ಟು ಹೆಚ್ಚಾಗಿ ಬಿದ್ದದ್ದು ಮರಳುವವರಿಗೆ. ಆಗಿನ ಭಾರಿ ಸ್ಟೇಷನ್ ವ್ಯಾಗನ್ ಗಾಡಿ ಗ್ಯಾಲನ್ನಿಗೆ ಹನ್ನೆರಡು ಮೈಲಿ ಓಡಿತೆಂದೂ ಅದರ ಟ್ಯಾಂಕು 20 ಗ್ಯಾಲನ್ನಿನದೆಂದೂ ಹಿಡಿದರೆ, ಒಂದು ತುಂಬಿಗೆ 240 ಮೈಲಿ. ಒರ್ಲಾಂಡೊದಿಂದ ಜಾರ್ಜಿಯದ ಗಡಿಗೆ ಸುಮಾರು 200 ಮೈಲಿ. ಭಾನುವಾರ ಬೆಳಗ್ಗೆ ಹೊರಟವನಿಗೆ ಗಡಿ ದಾಟಿದ ಸ್ವಲ್ಪ ಹೊತ್ತಿಗೆ ಮುಚ್ಚಿದ ಬಂಕು ಎದುರಾಗುತ್ತದೆ. ಉದ್ಯಾನಕ್ಕೆ ಬರುವವರ ಸಂಖ್ಯೆ ಕುಗ್ಗಿದ್ದರಲ್ಲಿ ಹೋಗುವ ಕಷ್ಟಕ್ಕಿಂತ ಮರಳಲಾರೆವೇನೋ ಎಂಬ ಸಂಶಯದ ಪಾಲು ದೊಡ್ಡದೆಂದು ನಮ್ಮ ಅಭಿಪ್ರಾಯ.

1974ನೆಯ ಜನವರಿ 2ರಂದು ವೇಗದ ಮಿತಿಯನ್ನು ಗಂಟೆಗೆ 55 ಮೈಲಿಗೆ ಇಳಿಸುವ ಶಾಸನಕ್ಕೆ ಸಹಿಯಾಯಿತು. ಗಂಟೆಗೆ 70 ಮೈಲಿಯಂತೆ ಹದಿಮೂರು ಗಂಟೆಗಳಲ್ಲಿ ಮುಗಿಯುತ್ತಿದ್ದ ಸಿನ್ಸಿನಾಟಿಯ ದಾರಿಗೆ ಈಗ ಹದಿನಾರು ಗಂಟೆಗಳಿಗೂ ಹೆಚ್ಚು ಬೇಕಾಯಿತು. ಮೂರು ಗಂಟೆಗಳನ್ನು ಕಳೆದುಕೊಂಡವರು ಗೊಣಗಿದರು. ಆದರೆ ದೇಶದ ರಸ್ತೆಗಳಲ್ಲಿ ಸತ್ತವರ ಸಂಖ್ಯೆ 1973ರಲ್ಲಿ ಸುಮಾರು 54,000 ಇದ್ದದ್ದು 1974ರಲ್ಲಿ 45,000ಕ್ಕೆ ಇಳಿಯಿತು. ಸಂಚಾರವೇ ಕಡಮೆಯಾದುದೂ ಇದಕ್ಕೆ ಕಾರಣವಾದುದರಿಂದ ಎಲ್ಲ ಶ್ರೇಯಸ್ಸನ್ನೂ ವೇಗದ ಮಿತಿಗೆ ಕೊಡಲಾಗದು. ವ್ಯಾಗನ್ನಿನ ಹಿಂಭಾಗದಲ್ಲಿ ಹಾಸಿಗೆ ಹಾಸಿ ಮಕ್ಕಳನ್ನು ಮಲಗಿಸಿಕೊಂಡು ರಾತ್ರಿಯೆಲ್ಲ ಓಡಿಸುವ ಪದ್ಧತಿಗೆ ತಡೆ ಬೇರೆ ಕಡೆಯಿಂದ ಬಂದಿತು. ಟೆನೆಸಿಯ ಮಕ್ಕಳ ವೈದ್ಯ ರಾಬರ್ಟ್ ಸ್ಯಾಂಡರ್ಸ್ ಅವರ ಪ್ರಯತ್ನದಿಂದ, ಎಳೆಯ ಮಕ್ಕಳನ್ನು ರಕ್ಷಣೆಯ ಪೀಠದಲ್ಲಿ ಕಟ್ಟಿ ಕೂರಿಸಬೇಕೆಂಬ ಮೊದಲ ಕಾಯಿದೆ 1978ರ ಆರಂಭದಲ್ಲಿ ಆ ಸಂಸ್ಥಾನದಲ್ಲಿ ಜಾರಿಗೆ ಬಂದಿತು. ತೋಳಿನಲ್ಲಿ ಎತ್ತಿಕೊಂಡ ಮಗುವಿಗೆ ಅದರಲ್ಲಿ ವಿನಾಯಿತಿ ಇಟ್ಟಿದ್ದರು. 1981ರಲ್ಲಿ ಅದನ್ನು ತೆಗೆದುಹಾಕಿದರು. 1985ರ ಹೊತ್ತಿಗೆ ಎಲ್ಲ ಸಂಸ್ಥಾನಗಳಲ್ಲಿಯೂ ಇಂತಹ ಕಾಯಿದೆಗಳಾದುವು.

1978ರಲ್ಲಿಯೇ ವಿಮಾನ ಪ್ರಯಾಣದ ದರಗಳ ಮೇಲಿನ ಸರಕಾರದ ಹಿಡಿತವನ್ನು ಸಡಿಲಿಸುವ ಕಾಯಿದೆ ಬಂದು, ಕ್ರಮೇಣ ಅನೇಕ ಕುಟುಂಬಗಳಿಗೆ ಮರಳುವ ದಾರಿ ಎರಡು ಮೂರು ಗಂಟೆಗಳ ಹಾರಾಟವಾಯಿತು. ಅದಕ್ಕೆ ಎರಡು ವರ್ಷ ಮೊದಲು, 1976ರಲ್ಲಿ, ಹಾರ್ಟ್ ಆಫ್ ಅಟ್ಲಾಂಟ ಮೋಟೆಲು ನಿಂತಿದ್ದ ಜಾಗದಲ್ಲಿ ಹಿಲ್ಟನ್ ಹೋಟೆಲಿನ ಎತ್ತರದ ಕಟ್ಟಡ ತೆರೆಯಿತು. ಮರುವರ್ಷದ ಡಿಸೆಂಬರಿನಲ್ಲಿ ಮರಿಯೆಟ್ಟದ ಉತ್ತರಕ್ಕೆ ಉಳಿದಿದ್ದ ಕೊನೆಯ ತುಂಡು ಮುಗಿದು, ಫ್ಲಾರಿಡದಿಂದ ಹೊರಟ ಗಾಡಿ 75ನೆಯ ಹೆದ್ದಾರಿಯಿಂದ ಎಲ್ಲಿಯೂ ಇಳಿಯದೆ ಡೆಟ್ರಾಯಿಟನ್ನು ಸೇರುವಂತಾಯಿತು.